ಕೀಲಿ ಕೈಗೆ ಬರುವ ಮುಂಚಿನ ಗಂಟೆಗಳು

ಕುಡಿದು ವಾಹನ ಚಲಾಯಿಸಿ ಮತ್ತೆ ಮತ್ತೆ ಶಿಕ್ಷೆಗೊಳಗಾದವರಿಗಾಗಿ ಕಾರಾಗೃಹದೊಳಗೆ ನಡೆಯುವ ಚಿಕಿತ್ಸಾ ಕಾರ್ಯಕ್ರಮದಲ್ಲಿ ನಾನು ಆಪ್ತಸಮಾಲೋಚಕನಾಗಿ ಕೆಲಸ ಮಾಡುತ್ತಾ ಬಂದಿದ್ದೇನೆ. ಭಯ ಹುಟ್ಟಿದರೆ ಮನುಷ್ಯ ಬದಲಾಗುತ್ತಾನೆಂದು ನಂಬಿ, ಮೊದಲ ತಂಡಗಳಿಗೆ ಅಪಘಾತಗಳ ಚಿತ್ರಗಳನ್ನು ತೋರಿಸುತ್ತಿದ್ದೆ. ಅವರು ತಲೆ ತಗ್ಗಿಸಿ ಕೂರುತ್ತಿದ್ದರು, ಆಮೇಲೆ ತಮ್ಮ ಕುಡಿತದ ಬಗ್ಗೆ ಮೊದಲಿಗಿಂತ ಹೆಚ್ಚು ಮುಚ್ಚಿಡುತ್ತಿದ್ದರು. ಆ ಪಾಠವನ್ನು ಕೈಬಿಟ್ಟೆ.

ಈಗ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಆಡಿಟ್’ ಎಂಬ 10 ಪ್ರಶ್ನೆಗಳ ಪಟ್ಟಿಯಿಂದ ಆರಂಭಿಸುತ್ತೇನೆ. ಒಟ್ಟು 40 ಅಂಕಗಳಲ್ಲಿ 20 ಅಥವಾ ಅದಕ್ಕಿಂತ ಹೆಚ್ಚು ಬಂದವರನ್ನು ಮದ್ಯಾವಲಂಬನೆಯ ತಪಾಸಣೆಗಾಗಿ ವೈದ್ಯರ ಬಳಿಗೆ ಕಳುಹಿಸುತ್ತೇನೆ. ಹೊರಗಿನಿಂದ ನೇರವಾಗಿ ಬಂದವರ ವಿಷಯದಲ್ಲಂತೂ ಮಾತಿಗಿಂತ ಮೊದಲು ವೈದ್ಯರೇ ಬೇಕು. ಕುಡಿತ ಹಠಾತ್ತಾಗಿ ನಿಂತ 2ರಿಂದ 4 ದಿನಗಳೊಳಗೆ ಕೆಲವರಲ್ಲಿ ಸನ್ನಿ ಕಾಣಿಸಿಕೊಳ್ಳಬಹುದು, ಅದು ಪ್ರಾಣಕ್ಕೂ ಎರವಾಗಬಹುದು.

ದೇಹ ಚೇತರಿಸಿಕೊಂಡ ಮೇಲೆ, ಸಿಕ್ಕಿಬಿದ್ದ ದಿನವನ್ನು ಹಿಂದಿನಿಂದ ಮುಂದಕ್ಕೆ ಗಂಟೆಗಂಟೆಯಾಗಿ ಬರೆಯಿಸುತ್ತೇನೆ: ಕುಡಿಯುವ ಜಾಗಕ್ಕೆ ಹೋದದ್ದು ಹೇಗೆ, ವಾಹನವನ್ನು ನಿಲ್ಲಿಸಿದ್ದೆಲ್ಲಿ, ಮರಳುವ ದಾರಿಯ ಬಗ್ಗೆ ಯೋಚಿಸಿದ್ದು ಯಾವಾಗ. ಬಹುತೇಕ ಎಲ್ಲರ ಹಾಳೆಯಲ್ಲೂ ಕೊನೆಯ ಪ್ರಶ್ನೆಯ ಮುಂದಿನ ಜಾಗ ಖಾಲಿ ಉಳಿಯುತ್ತದೆ. ಮೂರನೆಯ ಲೋಟದ ನಂತರ ಸರಿಯಾದ ತೀರ್ಮಾನ ಕೈಗೊಳ್ಳಬೇಕೆಂದು ಆ ಮೆದುಳನ್ನೇ ಕೇಳಿಕೊಳ್ಳುವುದು ವ್ಯರ್ಥ. ಆದ್ದರಿಂದ ವಾಹನದ ತೀರ್ಮಾನವು ಮನೆಯಿಂದ ಹೊರಡುವ ಮುನ್ನವೇ ಆಗಬೇಕು ಎಂಬ ಒಂದೇ ವಿಷಯದ ಮೇಲೆ ನಮ್ಮ ಹೆಚ್ಚಿನ ಅಭ್ಯಾಸಗಳು ನಡೆಯುತ್ತವೆ.

ಒಬ್ಬರು ಎರಡು ಸಲವೂ ಸಿಕ್ಕಿಬಿದ್ದದ್ದು ಬೆಳಗಿನ ಹೊತ್ತು. ‘ನಿದ್ದೆ ಮಾಡಿ ಎದ್ದಿದ್ದೆ ಸರ್, ಇಳಿದುಹೋಗಿತ್ತು’ ಎಂದು ಅವರು ಪ್ರಾಮಾಣಿಕವಾಗಿಯೇ ವಾದಿಸಿದರು. ಇಬ್ಬರೂ ಕೂತು ಲೆಕ್ಕ ಹಾಕಿದೆವು. 100 ಮಿಲಿ ರಕ್ತದಲ್ಲಿ ಗಂಟೆಗೆ ಸರಾಸರಿ 15 ಮಿಲಿಗ್ರಾಂನಷ್ಟು ಮದ್ಯಸಾರ ಮಾತ್ರ ಇಳಿಯುತ್ತದೆ. ನಡುರಾತ್ರಿ 150 ಇದ್ದದ್ದು ಬೆಳಿಗ್ಗೆ 7ಕ್ಕೆ ಇನ್ನೂ 45ರಷ್ಟಿರುತ್ತದೆ. ಕಾಫಿಯಾಗಲಿ ತಣ್ಣೀರಿನ ಸ್ನಾನವಾಗಲಿ ಆ ಗತಿಯನ್ನು ಹೆಚ್ಚಿಸಲಾರವು. ಅವರು ಬಹಳ ಹೊತ್ತು ಆ ಹಾಳೆಯನ್ನೇ ನೋಡುತ್ತಿದ್ದರು. ನನ್ನ ಅಷ್ಟೂ ಚಿತ್ರಗಳು ಮಾಡದ ಕೆಲಸವನ್ನು ಒಂದು ಕಳೆಯುವ ಲೆಕ್ಕ ಮಾಡಿತ್ತು.

ಸೆರೆಮನೆಯೊಳಗೆ ಕುಡಿಯದೆ ಇದ್ದದ್ದನ್ನು ನಾನು ಗೆಲುವೆಂದು ಎಣಿಸುವುದಿಲ್ಲ, ಏಕೆಂದರೆ ಅಲ್ಲಿ ಸಂಬಳದ ದಿನವೂ ಇಲ್ಲ, ಕರೆಯುವ ಗೆಳೆಯರೂ ಇಲ್ಲ, ವಾಹನದ ಕೀಲಿಯೂ ಇಲ್ಲ. ಈ ಕಾರಣಕ್ಕಾಗಿ ಕೊನೆಯ ವಾರಗಳನ್ನು ಬಿಡುಗಡೆಯ ಸಿದ್ಧತೆಗೇ ಮೀಸಲಿಡುತ್ತೇನೆ. ಕುಡಿತದ ಬಯಕೆಯನ್ನು ತಗ್ಗಿಸುವ ನಾಲ್ಟ್ರೆಕ್ಸೋನ್ ಎಂಬ ಔಷಧ ಯಾರಿಗೆ ಹೊಂದುತ್ತದೆಂಬುದನ್ನು ಯಕೃತ್ತಿನ ಪರೀಕ್ಷೆಯ ನಂತರ ವೈದ್ಯರು ನಿರ್ಧರಿಸುತ್ತಾರೆ. ಉಸಿರಿನಲ್ಲಿ ಮದ್ಯ ಕಂಡರೆ ಎಂಜಿನ್ ಚಾಲೂ ಆಗದಂತೆ ತಡೆಯುವ ಇಂಟರ್‌ಲಾಕ್ ಉಪಕರಣ ದೊರೆಯುವಲ್ಲಿ ಅದನ್ನು ಒತ್ತಾಯಪೂರ್ವಕವಾಗಿ ಸೂಚಿಸುತ್ತೇನೆ. ಆದರೆ ಅದನ್ನು ತೆಗೆದ ಮೇಲೆ ಹಳೆಯ ರೂಢಿ ಮರುಕಳಿಸುವುದುಂಟು, ಆದ್ದರಿಂದ ಅದು ಚಿಕಿತ್ಸೆಯ ಬದಲಿಗೆ ಬರಲಾರದು. ಮನೆಯವರನ್ನೂ ಕರೆಸಿ, ಕೀಲಿ ಯಾರ ಬಳಿ ಇರಬೇಕು ಎಂಬುದನ್ನು ಕೈದಿಯ ಬಾಯಿಂದಲೇ ಹೇಳಿಸುತ್ತೇನೆ. ಹೊರಗಿನ ಚಿಕಿತ್ಸಾಲಯದಲ್ಲಿ ಮೊದಲ ವಾರದೊಳಗಿನ ಭೇಟಿ ನಿಗದಿಯಾಗುವವರೆಗೆ ಯಾರ ಕಡತವನ್ನೂ ನಾನು ಮುಚ್ಚುವುದಿಲ್ಲ.