ಸೆಕೆಗಾಲಕ್ಕೊಂದು ಮೇಣದ ಜಾಕೆಟ್: ಆರಿಸುವುದು, ಬಳಸುವುದು ಹೇಗೆ?

ಏಪ್ರಿಲ್ ಬಂತೆಂದರೆ ಮಂಜೇಶ್ವರದಿಂದ ಕಾಸರಗೋಡಿನವರೆಗೆ ನೆರಳಲ್ಲಿ ಕುಳಿತವರ ಬೆನ್ನಿಗೂ ಅಂಗಿ ಅಂಟಿಕೊಳ್ಳುತ್ತದೆ. ಬಿಸಿಲಿಗಿಂತ ಗಾಳಿಯ ತೇವವೇ ನಮ್ಮನ್ನು ಹೆಚ್ಚು ಬಳಲಿಸುವುದು. ತಾಪಮಾನಕ್ಕೆ ಹೊಂದಿಕೊಳ್ಳುವ ಉಡುಪು ಕೊಳ್ಳುವವರು ಈ ತೇವವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಮೊದಲು ಒದ್ದೆ ಬೈರಾಸನ್ನು ಹಿಂಡಿ ಜಗಲಿಯ ನೆರಳಲ್ಲಿ ಹರವಿ. ಗಂಟೆ ಕಳೆದರೂ ಅದು ಹಸಿಯಾಗಿಯೇ ಇದ್ದರೆ, ನೀರಿನಲ್ಲಿ ಅದ್ದಿ ತೊಡುವ ಜಾಕೆಟ್ಟಿಗೆ ದುಡ್ಡು ಹಾಕಬೇಡಿ. ನೀರು ಆವಿಯಾದರಷ್ಟೇ ಅದು ತಂಪು. ಸೊಲ್ಲಾಪುರದ ಒಣ ಬಿಸಿಲಿಗೆ ಒಗ್ಗುವ ಆ ಉಪಾಯ ಕುಂಬಳೆಯ ಸೆಕೆಗೆ ಒಗ್ಗದು.

ನಮಗೆ ಆಗಿಬರುವುದು ಮೇಣ ತುಂಬಿದ ಬಗೆ. 1980ರ ದಶಕದಲ್ಲಿ ನಾಸಾ ನೆರವಿನಿಂದ, ಗಗನಯಾತ್ರಿಗಳ ಕೈಗವಸಿಗೆಂದು ನಡೆದ ಸಂಶೋಧನೆಯಿಂದ ಬೆಳೆದ ತಂತ್ರವಿದು. ಆಕ್ಟಾಡೆಕೇನ್ ಎಂಬ ಮೇಣ ಸುಮಾರು 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಚರ್ಮದ ಬಿಸಿ 33 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ ಮೈಯ ಶಾಖ ಮೇಣಕ್ಕೆ ಹರಿಯುತ್ತದೆ. ಪೂರ್ತಿ ಕರಗುವ ತನಕ ಮೇಣದ ಬಿಸಿ ಹೆಚ್ಚು ಏರುವುದಿಲ್ಲ.

ಇನ್ನು ತೂಕ. ಜಾಹೀರಾತುಗಳು ಮುಚ್ಚಿಡುವುದು ಇದನ್ನೇ. ತೆಳು ಅಂಗಿಯೊಂದರ ನೂಲಿನಲ್ಲಿ 20 ಗ್ರಾಂ ಮೇಣವಿದೆ ಎನ್ನೋಣ. ಗ್ರಾಮಿಗೆ 200 ಜೂಲಿನಂತೆ (ಜೂಲ್ ಎಂದರೆ ಶಾಖದ ಅಳತೆ) ಅದು ಹೀರುವುದು 4,000 ಜೂಲ್. ಸುಮ್ಮನೆ ಕುಳಿತ ವಯಸ್ಕರ ದೇಹವೇ ಸೆಕೆಂಡಿಗೆ ಸುಮಾರು 100 ಜೂಲ್ ಶಾಖ ಹೊರಹಾಕುತ್ತದೆ. ಅಂದರೆ ಆ ಅಂಗಿಯ ತಂಪು 40 ಸೆಕೆಂಡಿನಷ್ಟು! ಎರಡು ಕಿಲೋ ಮೇಣದ ಜಾಕೆಟ್ ಇದೇ ಲೆಕ್ಕದಲ್ಲಿ ಗಂಟೆಗೂ ಮಿಕ್ಕಿ ಬರುತ್ತದೆ. ತೋಟದ ಕೆಲಸದಲ್ಲಿ ಮೈ ಇನ್ನೂ ಕಾಯುವುದರಿಂದ ಬೇಗ ಮುಗಿಯುತ್ತದೆ. ಮೇಣದ ಭಾರವಿಲ್ಲದ ದಾರಿಯೂ ಇದೆ: ಬೆವರಿನ ತೇವಕ್ಕೆ ತಾನೇ ಸ್ಪಂದಿಸಿ ಶಾಖವನ್ನು ಹೊರಬಿಡುವ ನೂಲನ್ನು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು 2019ರಲ್ಲಿ ತೋರಿಸಿದ್ದಾರೆ. ನನಗೆ ಹೆಚ್ಚು ಭರವಸೆಯಿರುವುದು ಆ ದಾರಿಯಲ್ಲಿ.

ಲೇಬಲ್‌ನಲ್ಲಿ ಕರಗುವ ಉಷ್ಣಾಂಶ ನೋಡಿ. 18 ಡಿಗ್ರಿಯದು ಹೆಚ್ಚು ತಂಪೆಂದು ಮರುಳಾಗಬೇಡಿ. ನಮ್ಮ ಗಾಳಿಯ ತೇವ ಅದರ ಮೇಲೆ ಹನಿಗಟ್ಟಿ, ಜಾಕೆಟ್ ಒಳಗಿನಿಂದ ತೊಯ್ದುಹೋಗುತ್ತದೆ. 28 ಡಿಗ್ರಿಯದಕ್ಕೆ ಸಾಮಾನ್ಯವಾಗಿ ಆ ತೊಂದರೆಯಿಲ್ಲ.

ಕರಗಿದ ಮೇಣವನ್ನು ಮತ್ತೆ ಗಟ್ಟಿ ಮಾಡಲು ಬಾವಿ ನೀರು ಸಾಲದು. ನಮ್ಮಲ್ಲಿ ಅದೂ ಹೆಚ್ಚುಕಡಿಮೆ ಅಷ್ಟೇ ಬಿಸಿ. ಬಕೆಟ್ ನೀರಿಗೆ ಮಂಜುಗಡ್ಡೆ ಹಾಕಿ ಜಾಕೆಟ್ಟಿನೊಳಗಿನ ಮೇಣದ ಚೀಲಗಳನ್ನು ತೆಗೆದು ಚಪ್ಪಟೆಯಾಗಿ ಮುಳುಗಿಸಿ, ಇಲ್ಲವೇ ಫ್ರಿಜ್ಜಿನಲ್ಲಿಡಿ. ತಿಳಿಯಾಗಿದ್ದ ದ್ರವ ಅಂಚಿನಿಂದ ಬೆಳ್ಳಗಾಗುತ್ತ ಬರುತ್ತದೆ. ನಡುವೆ ಹೆಬ್ಬೆರಳು ಒತ್ತಿ ನೋಡಿ; ಮೆತ್ತಗಿದ್ದರೆ ಇನ್ನೂ ಕಾಯಬೇಕು.

ಒಳಗೆ ತೆಳು ಹತ್ತಿ ಬನಿಯನ್, ಮೇಲೆ ಮೈಗೆ ಒತ್ತಿಕೊಳ್ಳುವಂತೆ ಜಾಕೆಟ್. ಪೂರ್ತಿ ಕರಗಿದ ಕೂಡಲೇ ಕಳಚಿ. ಆಮೇಲೆ ಅದು ಬೆವರಾರಲು ಬಿಡದ ಭಾರವಷ್ಟೇ.

ಒಗೆಯುವ ಮುನ್ನ ಚೀಲಗಳನ್ನು ಹೊರತೆಗೆಯಿರಿ. ಇಸ್ತ್ರಿ ಬೇಡ. ಆಕ್ಟಾಡೆಕೇನ್‌ನಂಥ ಪ್ಯಾರಾಫಿನ್ ಮೇಣ ಉರಿಯುವ ವಸ್ತು. ಜಾತ್ರೆಯ ಅಡುಗೆ ಒಲೆಯ ಮುಂದೆ ನಿಲ್ಲುವವರು ಮೇಣದ ಬದಲು ಉರಿಯದ ಲವಣ ತುಂಬಿದ ಬಗೆಯನ್ನೇ ಕೇಳಿ ಕೊಳ್ಳಬೇಕು. ಸೆಕೆಯಲ್ಲಿ ದುಡಿಯುವವರ ಮಾತು ತೊದಲಿದರೆ ಅಥವಾ ಪ್ರಜ್ಞೆ ಮಸುಕಾದರೆ, ನೆರಳಿಗೆ ತಂದು ಮೈಗೆ ನೀರು ಸುರಿದು ಗಾಳಿ ಬೀಸುತ್ತಲೇ ಆಂಬುಲೆನ್ಸ್ ಕರೆಯಿರಿ.