ಕನ್ನಡ ಮೀಡಿಯಂ ಮಕ್ಕಳಿಂದ ಯುರೋಪಿಯನ್ ಪಾರ್ಲಿಮೆಂಟ್ ಮಾಡಿಸಿದ ನನ್ನ ಅನುಭವ

ಯುವ ಸಂಸತ್ತು ಟೀಚರ್‌ಗಳು ನೀವೆಲ್ಲ ಮಾಡ್ಸಿದವ್ರೇ, ಪ್ರಶ್ನೋತ್ತರ ಶೂನ್ಯವೇಳೆ ಎಲ್ಲ ಗೊತ್ತುಂಟು, ಅದನ್ನ ಬಿಡ್ತೇನೆ. ಯುರೋಪಿಯನ್ ಯೂನಿಯನ್ನಿನ 27 ದೇಶದ ಜನ ನೇರ ಓಟು ಹಾಕಿ ಆರಿಸಿದವ್ರು ಯುರೋಪಿಯನ್ ಪಾರ್ಲಿಮೆಂಟಲ್ಲಿ ಒಟ್ಟಿಗೆ ಕೂತು ಕಾನೂನು ಮಾಡುವುದು ಹೇಗೆ ಅಂತ ಒಂಬತ್ತನೇ ಕ್ಲಾಸಿನವ್ರಿಗೆ ತೋರಿಸ್ಬೇಕಿತ್ತು ನಂಗೆ. ಇಂಗ್ಲಿಷ್ ಮೀಡಿಯಂನವ್ರಿಗಾದ್ರೆ ಸರಿ, ನಮ್ಮ ಕರಾವಳಿಯ ಸರ್ಕಾರಿ ಶಾಲೆ ಮಕ್ಕಳಿಗೆ ಎಲ್ಲಿ ಆಗ್ತದೆ ಮಾರಾಯ್ರೆ ಅಂತ ಸ್ಟಾಫ್ ರೂಮಲ್ಲಿ ಹೇಳದವ್ರೇ ಇಲ್ಲ. ಆಯ್ತು, ಈಗ ಆಗಿದೆ.

ಮೊದಲ ವರ್ಷ ಪೂರಾ ಫೇಲ್. ದೇಶದ ಪ್ರಕಾರ ಕೂರಿಸಿದ್ದಕ್ಕೆ ಕಬಡ್ಡಿ ಮ್ಯಾಚಿನ ಥರ ಆಯ್ತು, ಫ್ರಾನ್ಸ್ ಒಂದು ಕಡೆ ಜರ್ಮನಿ ಒಂದು ಕಡೆ ಬರೀ ಬೊಬ್ಬೆ. ಅಲ್ಲಿ ಎಂಪಿಗಳು ಕೂರುವುದು ರಾಜಕೀಯ ಗುಂಪಿನ ಪ್ರಕಾರ, ಗುಂಪು ಆಗ್ಲಿಕ್ಕೆ 23 ಜನ ಬೇಕು, ಅದೂ ಕನಿಷ್ಠ ಏಳು ದೇಶದವ್ರು. ಆಳುವ ಪಕ್ಷ ವಿರೋಧ ಪಕ್ಷ ಅಂತ ನಮ್ಮ ಹಾಗೆ ಇಲ್ಲ, ಒಂದೊಂದು ಬಿಲ್ಲಿಗೂ ಬಹುಮತ ಹೊಸದಾಗಿ ಕಟ್ಬೇಕು. ಹಾಗೆ ಗುಂಪು ಮಾಡಿ ಕೂರಿಸಿದ ಮೇಲೆ ಬೊಬ್ಬೆ ನಿಂತು ಮಾತುಕತೆ ಶುರುವಾಯ್ತು.

ಸೀಟಿನ ಲೆಕ್ಕ ಚಂದ ಉಂಟು. 720 ಸೀಟನ್ನ ಹನ್ನೆರಡರಿಂದ ಭಾಗಿಸಿದ್ರೆ ಅರವತ್ತು, ನಮ್ಮ ಎರಡು ಸೆಕ್ಷನ್ ಸೇರಿದ್ರೆ ಹೆಚ್ಚುಕಮ್ಮಿ ಅಷ್ಟೇ. ಜರ್ಮನಿಯ 96 ಎಂಟಾಗ್ತದೆ, ಮಾಲ್ಟಾದ 6 ಅರ್ಧ ಆಗ್ತದೆ. ಆ ಅರ್ಧಕ್ಕೆ ನಾನೊಂದು ಉಪಾಯ ಮಾಡಿದ್ದೇನೆ, ಅದನ್ನ ಇಲ್ಲಿ ಹೇಳುವುದಿಲ್ಲ, ತಾಲೂಕು ಮಟ್ಟದಲ್ಲಿ ತೋರಿಸ್ಲಿಕ್ಕುಂಟು.

ನಿಜವಾಗಿ ಕ್ಲಿಕ್ ಆದದ್ದು ಭಾಷೆಯಿಂದ. ಅಲ್ಲಿ 24 ಅಧಿಕೃತ ಭಾಷೆ, ಯಾರು ಬೇಕಾದ್ರೂ ಅವರವರ ಭಾಷೆಯಲ್ಲಿ ಮಾತಾಡ್ಬಹುದು. ನಮ್ಮ ಕ್ಲಾಸಲ್ಲೇ ತುಳು, ಬ್ಯಾರಿ, ಕೊಂಕಣಿ, ಕನ್ನಡ ಉಂಟಲ್ಲ, ಅದನ್ನೇ ಸದನದ ಭಾಷೆ ಮಾಡಿದೆ. ಮಾತಾಡುವಾಗಲೇ ಅನುವಾದ ಕಿವಿಗೆ ಕೇಳಿಸುವ ಇಂಟರ್‌ಪ್ರಿಟೇಷನ್ ಸೆಟ್ ಬಾಡಿಗೆ ಕೇಳಿದ್ರೆ ದಿನಕ್ಕೆ ನಲ್ವತ್ತು ಸಾವಿರದ ಆಸುಪಾಸು ಹೇಳಿದ್ರು, ನಮ್ಮ ಎಸ್‌ಡಿಎಂಸಿಯಲ್ಲಿ ಆ ಮಾತೆತ್ತುವ ಹಾಗೇ ಇಲ್ಲ. ಅದಕ್ಕೆ ಹಳೇ ಮೊಬೈಲು ಒಟ್ಟು ಮಾಡಿ ಭಾಷೆಗೊಂದು ಕಾನ್ಫರೆನ್ಸ್ ಕಾಲ್, ಒಂದೊಂದು ಮೊಬೈಲಿಗೆ ಐದು ಇಯರ್‌ಫೋನ್ ಸಿಕ್ಕಿಸುವ ಸ್ಪ್ಲಿಟರ್, ಎಲ್ಲ ಸೇರಿ ಆರೇಳು ಸಾವಿರದೊಳಗೆ ಮುಗೀತು. ಅನುವಾದ ಮಾಡುವ ಮಕ್ಕಳನ್ನ ಅದೇ ಹಾಲಲ್ಲಿ ಕೂರಿಸಿದ್ರೆ ಎರಡು ಸ್ವರ ಒಟ್ಟಿಗೆ ಕೇಳಿ ಯಾರಿಗೂ ಏನೂ ಅರ್ಥ ಆಗುವುದಿಲ್ಲ, ಪಕ್ಕದ ಲ್ಯಾಬಿನ ಕಿಟಕಿ ಹತ್ರ ಕೂರಿಸ್ಬೇಕು. ಬ್ಯಾರಿಯಿಂದ ಕೊಂಕಣಿಗೆ ನೇರ ಮಾಡುವವ್ರು ಸಿಗ್ಲಿಲ್ಲ, ನಡುವೆ ಕನ್ನಡ ಇಟ್ಟೆವು. ಅಲ್ಲಿಯೂ ಸಣ್ಣ ಭಾಷೆಗಳ ನಡುವೆ ಇಂಗ್ಲಿಷೋ ಫ್ರೆಂಚೋ ಹೀಗೇ ಬರ್ತದೆ. ತಮಾಷೆ ಹೇಳಿದ್ರೆ ಕೊಂಕಣಿಯವ್ರು ಕೊನೆಗೆ ನಗ್ತಾರೆ, ಅಷ್ಟೇ ವ್ಯತ್ಯಾಸ.

ಬಿಲ್ಲಿಗೆ ಚಾರ್ಜರ್ ಕಾನೂನು ತಗೊಂಡೆ, ಮಕ್ಕಳಿಗೆ ವಿವರಿಸುವ ಕೆಲ್ಸವೇ ಇಲ್ಲ. ಎಲ್ಲ ಫೋನಿಗೂ ಟೈಪ್ ಸಿ ಅಂತ ಅಲ್ಲಿ 2022ರ ಅಕ್ಟೋಬರಲ್ಲಿ 602 ಪರ, 13 ವಿರೋಧದಲ್ಲಿ ಪಾಸಾಗಿದೆ. ಪಾರ್ಲಿಮೆಂಟ್ ತಾನಾಗಿ ಬಿಲ್ ಮಂಡಿಸ್ಲಿಕ್ಕಾಗುವುದಿಲ್ಲ, ಅಲ್ಲಿಯ ಸರ್ಕಾರದ ಹಾಗಿರುವ ಯುರೋಪಿಯನ್ ಕಮಿಷನ್ನೇ ತರ್ಬೇಕು ಅಂದಾಗ ಮಕ್ಕಳಿಗೆ ಸಿಟ್ಟೇ ಬಂತು, ಕಮಿಷನ್ ಆದ ಮೂವರನ್ನ ಮಧ್ಯಾಹ್ನದ ಊಟದಲ್ಲೂ ಬಿಡ್ಲಿಲ್ಲ. ಹಳೇ ಚಾರ್ಜರ್ ಅಂಗಡಿಯವ್ರೇ ವಾಪಸ್ ತಗೊಳ್ಬೇಕು ಅಂತ ತುಳುವಿನಲ್ಲಿ ತಿದ್ದುಪಡಿ ತಂದದ್ದು ಹಿಂದಿನ ಬೆಂಚಿನ ಹುಡುಗಿ, ಸುಮಾರು ನಲ್ವತ್ತು ಓಟಲ್ಲಿ ಗೆದ್ದಳು. ನಂಗೆ ಅವತ್ತು ಆದ ಖುಷಿ ಸಣ್ಣದಲ್ಲ.

ಇನ್ನೊಂದು ಪ್ರಯೋಗವೂ ಮಾಡಿದೆ. ಪಾರ್ಲಿಮೆಂಟ್ ಒಪ್ಪಿದ್ರೆ ಸಾಲದು, ದೇಶಕ್ಕೊಬ್ಬ ಮಂತ್ರಿ ಕೂರುವ ಕೌನ್ಸಿಲೂ ಒಪ್ಬೇಕು. ಎಂಟನೇ ಕ್ಲಾಸಿನ 27 ಮಕ್ಕಳು ಆ ಮಂತ್ರಿಗಳ ಕೌನ್ಸಿಲ್, 15 ದೇಶ ಮತ್ತು 65% ಜನಸಂಖ್ಯೆ ಒಪ್ಪಿದ್ರೆ ಮಾತ್ರ ಪಾಸು. ಬೇಸಿಗೆ ಚಳಿಗಾಲಕ್ಕೆ ಗಡಿಯಾರ ಒಂದು ಗಂಟೆ ಮುಂದೆ ಹಿಂದೆ ತಿರುಗಿಸುವುದು ನಿಲ್ಲಿಸ್ಲಿಕ್ಕೆ 2019ರಲ್ಲಿ ಪಾರ್ಲಿಮೆಂಟ್ 410-192ರಲ್ಲಿ ಹೂಂ ಅಂದಿತ್ತು, ಕೌನ್ಸಿಲಲ್ಲಿ ಸಿಕ್ಕಿಬಿತ್ತು. ನಮ್ಮ ಎಂಟನೇ ಕ್ಲಾಸಿನವ್ರೂ ಅಲ್ಲೇ ಸಿಕ್ಕಿಬಿದ್ರು, ಕ್ಯಾಲ್ಕುಲೇಟರ್ ಹಿಡ್ಕೊಂಡು ಬೆಲ್ ಆಗುವವರೆಗೆ ಜಗಳ.

ಮಾಡುವವ್ರಿದ್ರೆ ಅರ್ಧವಾರ್ಷಿಕ ಮುಗಿದ ಕೂಡ್ಲೇ ಶುರು ಮಾಡಿ, ಮತ್ತೆ ಇಯರ್‌ಫೋನ್ ವೈರಿನದ್ದೇ ತಗೊಳ್ಳಿ, ಬ್ಲೂಟೂತಿನದ್ದಾದ್ರೆ ಕನೆಕ್ಟ್ ಮಾಡುವುದರಲ್ಲೇ ಒಂದು ಪೀರಿಯಡ್ ಹೋಗ್ತದೆ.