ಬಾಲ್ಯದ ಅಗಲಿಕೆ ದಾಂಪತ್ಯದಲ್ಲಿ ಕಾಡಿದಾಗ

ಮುಂಬಯಿಯ ಕನ್ನಡಿಗರಲ್ಲಿ, ಮುಖ್ಯವಾಗಿ ಕರಾವಳಿಯ ಮೂಲದವರಲ್ಲಿ, ಎಳವೆಯನ್ನು ಅಪ್ಪ ಅಮ್ಮನಿಂದ ದೂರವಾಗಿ ಅಜ್ಜಿಮನೆಯಲ್ಲಿ ಕಳೆದವರು ಅನೇಕರಿದ್ದಾರೆ. ಹೋಟೆಲಿನ ದುಡಿಮೆ, ಚಾಳಿನ (ಹಲವು ಸಂಸಾರಗಳು ಒತ್ತಾಗಿ ಬಾಳುವ ವಠಾರದ) ಒಂದೇ ಕೋಣೆ, ಮಗುವನ್ನು ನೋಡಿಕೊಳ್ಳಲು ಜನವಿಲ್ಲ; ಹೀಗಾಗಿ ಮಗು ಉಡುಪಿಯ ಕಡೆಯ ಊರಲ್ಲಿ ಉಳಿಯಿತು. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ತಿಯಾಗಿ ತೆರೆಯುವ ತನಕ ಊರಿಗೆ ಹೋಗಿಬರುವುದೇ ಒಂದು ಸಾಹಸವಾಗಿದ್ದುದರಿಂದ, ಎಷ್ಟೋ ಮಕ್ಕಳಿಗೆ ಅಪ್ಪ ಅಮ್ಮ ಎಂದರೆ ರಜೆಯಲ್ಲಿ ಬಂದು ಹೋಗುವವರು. ಇನ್ನು ಕೆಲವರು ತಂದೆಯನ್ನೋ ತಾಯಿಯನ್ನೋ ಸಾವಿನಲ್ಲೇ ಕಳೆದುಕೊಂಡವರು. ಇವರೆಲ್ಲ ದೊಡ್ಡವರಾಗಿ ಸಂಸಾರ ಹೂಡಿದ ಮೇಲೆ ಆ ಹಳೆಯ ನೋವು ಹೇಗೆ ತಲೆ ಎತ್ತುತ್ತದೆ, ಆಗ ಏನು ಮಾಡಬಹುದು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ನೋವನ್ನು ಗುರುತಿಸಬೇಕು. ಡೊಂಬಿವಲಿಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಒಂಬತ್ತೂವರೆಗೆ ಬರಬೇಕಾಗಿದ್ದ ಗಂಡ ಹತ್ತು ಗಂಟೆಯಾದರೂ ಬಂದಿಲ್ಲ, ಫೋನ್ ಎತ್ತುತ್ತಿಲ್ಲ. ಲೋಕಲ್ ರೈಲು ತಡವಾಗಿರಬಹುದೆಂದು ಹೆಂಡತಿಗೆ ಗೊತ್ತಿದೆ. ಆದರೂ ಎದೆ ಹೊಡೆದುಕೊಳ್ಳುತ್ತದೆ, ಕೈ ತಣ್ಣಗಾಗುತ್ತದೆ, ಮತ್ತೆ ಮತ್ತೆ ಕರೆ ಹೋಗುತ್ತದೆ. ಅವರು ಒಳಗೆ ಕಾಲಿಟ್ಟ ಕೂಡಲೇ ಸಮಾಧಾನವಾಗುವ ಬದಲು ಸಿಟ್ಟು ಬರುತ್ತದೆ, ಅಥವಾ ಮಾತೇ ನಿಂತುಹೋಗುತ್ತದೆ. ಅರ್ಧ ಗಂಟೆಯ ವಿಳಂಬಕ್ಕೆ ಇಷ್ಟು ದೊಡ್ಡ ಭಯ ಹುಟ್ಟಿದರೆ, ಅದರ ಬೇರು ಬಹಳ ಹಿಂದೆ ಇರಬಹುದು ಎಂದು ತಿಳಿಯಬೇಕು.

ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ ಮತ್ತು ಅವರ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್, ತಾಯಿಯಿಂದ ಅಗಲಿದ ಎಳೆಯ ಮಕ್ಕಳಲ್ಲಿ ಮೂರು ಹಂತಗಳನ್ನು ಕಂಡಿದ್ದರು: ಮೊದಲು ಅತ್ತು ಪ್ರತಿಭಟಿಸುವುದು, ಆಮೇಲೆ ಹತಾಶೆಯಿಂದ ಕುಗ್ಗುವುದು, ಕೊನೆಗೆ ತಾಯಿ ಮರಳಿ ಬಂದರೂ ಗುರುತೇ ಇಲ್ಲದಂತೆ ದೂರ ನಿಲ್ಲುವುದು. ಮೇಲಿನ ಸಿಟ್ಟು ಮತ್ತು ಮೌನ ಎರಡಕ್ಕೂ ಇದರೊಂದಿಗೆ ಹೋಲಿಕೆಯಿದೆ. ಮೌನಕ್ಕೆ ಸರಿಯುವವರನ್ನು ಸಂಗಾತಿ ಕಲ್ಲುಮನಸ್ಸಿನವರೆಂದು ತಿಳಿಯುವುದುಂಟು, ಅದು ತಪ್ಪು.

ಎರಡನೆಯ ಕೆಲಸ, ನಡೆದದ್ದನ್ನು ಸರಿಯಾಗಿ ತಿಳಿದುಕೊಳ್ಳುವುದು. ಯಾವ ವಯಸ್ಸಿನಲ್ಲಿ ಬಿಟ್ಟರು, ಯಾರು ನೋಡಿಕೊಂಡರು, ಹೊರಡುವಾಗ ಹೇಳಿ ಹೋದರೇ, ಮಲಗಿಸಿ ಹೋದರೇ ಎಂದು ಹಿರಿಯರು ಇರುವಾಗಲೇ ಕೇಳಿ. ಲೆಕ್ಕ ಕೇಳುವ ದನಿಯಲ್ಲಿ ಬೇಡ, "ಅಮ್ಮಾ, ಆಗ ನಾನು ಹೇಗಿದ್ದೆ?" ಎಂಬಷ್ಟೇ ಸಾಕು. ಇಲ್ಲಿ ಬಹುಪಾಲು ಕುಟುಂಬಗಳು ಗಮನಿಸದ ಸಂಗತಿಯೊಂದಿದೆ. ಊರಲ್ಲಿ ಬೆಳೆದ ಮಗುವನ್ನು ಶಾಲೆಗೆಂದು ಮುಂಬಯಿಗೆ ಕರೆತಂದಾಗ "ಅಂತೂ ಅಪ್ಪ ಅಮ್ಮನ ಹತ್ತಿರ ಬಂತು" ಎಂದು ಎಲ್ಲರೂ ಸಂತೋಷಪಟ್ಟರು. ಆದರೆ ಮಗುವಿಗೆ ಅದು ಎರಡನೆಯ ಅಗಲಿಕೆ: ಅಷ್ಟು ವರ್ಷ ತಾಯಿಯಂತೆ ಸಾಕಿದ ಅಜ್ಜಿಯನ್ನು ಬಿಟ್ಟು ಬಂದ ದಿನ. ಆ ದುಃಖಕ್ಕೆ ಯಾರೂ ಸಮಾಧಾನ ಹೇಳಲಿಲ್ಲ, ಏಕೆಂದರೆ ಅದು ದುಃಖವೆಂದು ಯಾರಿಗೂ ತೋರಲಿಲ್ಲ. ಅದಕ್ಕಾಗಿ ಈಗಲಾದರೂ ಅಳುವುದು ತಂದೆತಾಯಿಯ ಮೇಲಿನ ದೂರು ಆಗುವುದಿಲ್ಲ. ಅವರನ್ನು ಕ್ಷಮಿಸಲೇಬೇಕೆಂದು ಅವಸರಪಡುವುದೂ ಬೇಕಾಗಿಲ್ಲ. ಮೊದಲು ನಡೆದದ್ದು ನಿಮಗೆ ಸ್ಪಷ್ಟವಾಗಲಿ.

ಹೆತ್ತವರು ತೀರಿಹೋಗಿದ್ದರೆ ಕೇಳಲು ಯಾರೂ ಇರಲಾರರು. ಮಕ್ಕಳನ್ನು ಶವದ ಹತ್ತಿರ ಬಿಡದೆ, "ಅಮ್ಮ ದೂರ ಹೋಗಿದ್ದಾಳೆ" ಎಂದಷ್ಟೇ ಹೇಳಿದ ಮನೆಗಳೂ ಇವೆ. ಅಂಥವರು ತೀರಿಕೊಂಡವರಿಗೆ ಪತ್ರ ಬರೆಯಬಹುದು, ಶ್ರಾದ್ಧದ ದಿನ ಅವರ ಬಗ್ಗೆ ಮಕ್ಕಳ ಮುಂದೆ ಬಾಯಿಬಿಟ್ಟು ಮಾತಾಡಬಹುದು. ಬರೆಯುವಾಗ ಕಳವಳ ಹೆಚ್ಚುತ್ತಾ ಹೋದರೆ ನಿಲ್ಲಿಸಿಬಿಡಿ.

ಇನ್ನು ಸಂಗಾತಿಯೊಂದಿಗೆ. ಜಗಳದ ನಡುವೆ ಬಾಲ್ಯದ ಕಥೆ ತೆಗೆಯಬಾರದು, ಅದು ಆಗ ಆಯುಧವಾಗಿಬಿಡುತ್ತದೆ. ರಜೆಯ ದಿನ ಇಬ್ಬರೂ ಶಾಂತವಾಗಿರುವಾಗ, "ನೀವು ತಡಮಾಡಿದಾಗ ನನಗೆ ಬರುವ ಭಯ ನಿಮ್ಮಿಂದ ಹುಟ್ಟಿದ್ದಲ್ಲ, ಆದರೆ ಅದು ಇಳಿಯಲು ನಿಮ್ಮ ನೆರವು ಬೇಕು" ಎಂದು ಹೇಳಿ, ಬೇಕಾದ ನೆರವನ್ನು ಸ್ಪಷ್ಟವಾಗಿ ಕೇಳಿ. ಗಾಡಿ ಹತ್ತಿದ ಕೂಡಲೇ ಒಂದು ಸಂದೇಶ, ತಡವಾದರೆ ಇನ್ನೊಂದು. ಜಗಳವಾದಾಗ ಎದ್ದು ಹೋಗುವವರು "ಅರ್ಧ ಗಂಟೆ ಬಿಟ್ಟು ಮಾತಾಡೋಣ" ಎಂದು ಹೇಳಿಯೇ ಹೋಗಬೇಕು, ಹೇಳಿದ ಹೊತ್ತಿಗೆ ತಪ್ಪದೆ ಬರಬೇಕು. ಹೋದವರು ಮರಳಿ ಬರುತ್ತಾರೆ ಎಂಬ ನಂಬಿಕೆ ಉಪದೇಶದಿಂದ ಹುಟ್ಟುವುದಿಲ್ಲ, ಹೀಗೆ ಬಂದೇ ಬರುವ ಅನುಭವ ಸೇರುತ್ತಾ ಹೋದಂತೆ ಹುಟ್ಟುತ್ತದೆ. ಭಯಪಡುವವರ ಪಾಲಿಗೂ ಒಂದು ಕೆಲಸವಿದೆ: ಒಮ್ಮೆ ಕರೆ ಮಾಡಿದ ಮೇಲೆ ಫೋನನ್ನು ಬದಿಗಿಟ್ಟು, ಉಸಿರನ್ನು ನಿಧಾನವಾಗಿ ಹೊರಬಿಡುತ್ತಾ, ಹಿಂದೆ ತಡವಾದಾಗಲೆಲ್ಲ ಕಾರಣ ಏನಿತ್ತು ಎಂದು ನೆನಪಿಸಿಕೊಳ್ಳುವುದು.

ನಿದ್ದೆ ಕೆಟ್ಟು ವಾರಗಟ್ಟಲೆಯಾದರೆ, ಬದುಕುವುದೇ ಬೇಡವೆನಿಸಿದರೆ, ಅಥವಾ ಮನೆಯಲ್ಲಿ ಕೈ ಎತ್ತುವ ಸ್ಥಿತಿ ಬಂದರೆ ಇಷ್ಟೇ ಸಾಲದು. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಭಾಷೆಯನ್ನು ಆರಿಸಿಕೊಳ್ಳುವ ಅವಕಾಶವೂ ಇದೆ. ಆಪ್ತಸಮಾಲೋಚಕರನ್ನು ಹುಡುಕುವಾಗ ಅವರಿಗೆ ಕನ್ನಡವೋ ತುಳುವೋ ಬರುತ್ತದೆಯೇ ಎಂದು ಸಂಕೋಚವಿಲ್ಲದೆ ವಿಚಾರಿಸಿ. ಕಚೇರಿಯಲ್ಲಿ ಹಿಂದಿ, ಇಂಗ್ಲಿಷು ಎಷ್ಟೇ ಸರಾಗವಾಗಿದ್ದರೂ, ಅಜ್ಜಿಯ ಮಡಿಲಲ್ಲಿ ಆಡಿದ ಮಾತಿನಲ್ಲೇ ಆ ದಿನಗಳನ್ನು ಹೇಳಲು ಎಷ್ಟೋ ಮಂದಿಗೆ ಸುಲಭವಾಗುತ್ತದೆ.